ಒಂದು ಇಂಗ್ಲಿಷ್ ಪದವನ್ನು ಬುಡಸಮೇತ ಕಲಿಯುವುದು ಹೇಗೆ? ‘ಸ್ಯಾಂಕ್ಷನ್’ ಹಿಡಿದು ಏಳು ಹಂತ

“ಸರ್, ದಿನಕ್ಕ ಎಷ್ಟು ವರ್ಡ್ಸ್ ಬಾಯಿಪಾಠ ಮಾಡಬೇಕ್ರಿ?”

ವಿಜಯಪುರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುವ ನನಗೆ ವಾರದಲ್ಲಿ ಮೂರು ನಾಲ್ಕು ಸಲ ಬರುವ ಪ್ರಶ್ನೆ ಇದು. ಕೇಳುವವರು ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವರು, ಡಿಗ್ರಿ ಹುಡುಗರು, ಅಂಗಡಿಯ ಲೆಕ್ಕ ನೋಡಿಕೊಳ್ಳುವವರು. ಕೈಯಲ್ಲಿ ಇಷ್ಟು ದಿನದಲ್ಲಿ ಇಷ್ಟು ಸಾವಿರ ಪದ ಎನ್ನುವ ತರದ ಪುಸ್ತಕ ಇರುತ್ತದೆ. ಮೊದಲ ಎಂಟು ಪುಟದ ತುಂಬ ಹಳದಿ ಗೆರೆ. ಒಂಬತ್ತನೇ ಪುಟದಿಂದ ಪುಸ್ತಕ ಹೊಚ್ಚ ಹೊಸದು.

ನನ್ನ ಉತ್ತರ ಯಾವಾಗಲೂ ಒಂದೇ. ದಿನಕ್ಕೆ ಒಂದು ಪದ ಸಾಕು, ಎರಡು ದಿನಕ್ಕೆ ಒಂದಾದರೂ ಅಡ್ಡಿಯಿಲ್ಲ. ಆದರೆ ಅದನ್ನು ಬುಡಸಮೇತ ಕೀಳಬೇಕು. ಅರ್ಥ, ಹುಟ್ಟು, ಬಳಕೆ ಮೂರೂ ಕೈಗೆ ಬರಬೇಕು. ಶೇಂಗಾ ಗಿಡ ಕಿತ್ತಾಗ ಬುಡದಲ್ಲಿ ಹತ್ತು ಕಾಯಿ ಜೋತುಕೊಂಡು ಬರುತ್ತವಲ್ಲ, ಹಾಗೆ ಒಂದು ಪದದ ಜೊತೆ ಏಳೆಂಟು ಪದ ತಾವಾಗಿ ಬರುತ್ತವೆ.

ಇಲ್ಲಿ ‘ಸ್ಯಾಂಕ್ಷನ್’ ಎಂಬ ಪದವನ್ನು ಹಿಡಿದು ತೋರಿಸುತ್ತೇನೆ. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಂಡಿ ಕಡೆಯ ಒಬ್ಬ ವಿದ್ಯಾರ್ಥಿನಿ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಿದ್ದಳು. ಬ್ಯಾಂಕಿನಿಂದ ಕಾಗದ ಬಂತು. ಮೇಲೆ ದಪ್ಪಕ್ಷರದಲ್ಲಿ ‘ಸ್ಯಾಂಕ್ಷನ್ ಲೆಟರ್’ ಎಂದಿತ್ತು. ಅವಳ ಅಣ್ಣ ಆ ಒಂದು ಪದವನ್ನು ಫೋನಿನಲ್ಲಿ ಹಾಕಿ ನೋಡಿದ, ‘ನಿರ್ಬಂಧ’ ಅಂತ ಬಂತು. “ನಮ್ಮ ಸಾಲಕ್ಕ ನಿರ್ಬಂಧ ಹಾಕ್ಯಾರಂತ್ರಿ ಸರ್” ಅಂತ ಹುಡುಗಿ ಅಳುಮುಖ ಮಾಡಿಕೊಂಡು ಕ್ಲಾಸಿಗೆ ಬಂದಳು. ಕಾಗದ ಓದಿದರೆ ಸಾಲ ಮಂಜೂರಾಗಿತ್ತು! ಅಣ್ಣನದೂ ತಪ್ಪಿಲ್ಲ, ಫೋನಿನದೂ ತಪ್ಪಿಲ್ಲ. ಆ ಪದಕ್ಕೆ ಎರಡೂ ಅರ್ಥ ಇವೆ, ಒಂದಕ್ಕೊಂದು ಪೂರ್ತಿ ಉಲ್ಟಾ.

ಏನೇನು ಬೇಕು

ಇನ್ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಪೆನ್ಸಿಲ್ ಯಾಕೆ ಅಂದರೆ ಮೊದಲು ಬರೆದ ಅರ್ಥವನ್ನು ನೀವು ಖಂಡಿತ ಅಳಿಸುತ್ತೀರಿ.

ಫೋನಿನಲ್ಲಿ ಎರಡು ಡಿಕ್ಷನರಿ. ಮೊದಲನೆಯದು ‘ಲರ್ನರ್ಸ್ ಡಿಕ್ಷನರಿ’, ಅಂದರೆ ಇಂಗ್ಲಿಷ್ ಮನೆಮಾತಲ್ಲದವರಿಗೆಂದೇ ಮಾಡಿದ ನಿಘಂಟು. ಇದರಲ್ಲಿ ಅರ್ಥವನ್ನು ಸುಲಭ ಪದಗಳಲ್ಲೇ ಹೇಳಿ ಪಕ್ಕದಲ್ಲಿ ವಾಕ್ಯ ಕೊಟ್ಟಿರುತ್ತಾರೆ. ಆಕ್ಸ್‌ಫರ್ಡ್‌ನದು, ಕೇಂಬ್ರಿಜ್‌ನದು ಎರಡೂ ಪುಕ್ಕಟೆ ಸಿಗುತ್ತವೆ. ಆಕ್ಸ್‌ಫರ್ಡ್‌ನದರ ಮೂಲ ಪುಸ್ತಕವನ್ನು ಮಾಡಿದವರಲ್ಲಿ ಮುಖ್ಯರಾದ ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಅದು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು, ಆಮೇಲೆ 1948ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂತು. ನಮ್ಮಂಥ ವಿದ್ಯಾರ್ಥಿಗಳ ಒದ್ದಾಟ ನೋಡಿ ಬರೆದದ್ದು ಅಂತ ಓದಿದರೇ ಗೊತ್ತಾಗುತ್ತದೆ.

ಎರಡನೆಯದು ಪದದ ಹುಟ್ಟು ಹೇಳುವ ನಿಘಂಟು. ಪದ ಎಲ್ಲಿಂದ ಬಂತು, ಹೇಗೆ ಬದಲಾಯಿತು ಎಂದು ಹುಡುಕುವ ವಿದ್ಯೆಗೆ ‘ಎಟಿಮಾಲಜಿ’ ಅನ್ನುತ್ತಾರೆ. ‘ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ’ ಎಂಬುದೇ ಸಾಕು, ಅದೂ ಪುಕ್ಕಟೆ.

ಇಂಗ್ಲಿಷ್-ಕನ್ನಡ ನಿಘಂಟು ಮನೆಯಲ್ಲಿದ್ದರೆ ಒಳ್ಳೆಯದು. ಮೈಸೂರು ವಿಶ್ವವಿದ್ಯಾನಿಲಯದ್ದು ಹಳೆಯದಾದರೂ ಗಟ್ಟಿ. ಆದರೆ ಅದನ್ನು ಆರನೇ ಹಂತದವರೆಗೆ ಮುಟ್ಟಬೇಡಿ. ಯಾಕೆ ಅಂತ ಅಲ್ಲೇ ಹೇಳುತ್ತೇನೆ.

ಮೊದಲ ಪದಕ್ಕೆ ಮುಕ್ಕಾಲು ಗಂಟೆ ಹಿಡಿಯಬಹುದು. ಹತ್ತು ಪದ ಆದಮೇಲೆ ಇಪ್ಪತ್ತು ನಿಮಿಷ ಸಾಕು.

ಹಂತ 1: ಪದ ಸಿಕ್ಕ ವಾಕ್ಯವನ್ನು ಪೂರ್ತಿ ಬರೆಯಿರಿ

ಬರೀ ಪದ ಬರೆದುಕೊಂಡರೆ ಆಗಲೇ ಅರ್ಧ ಸೋತ ಹಾಗೆ. ಎಲ್ಲಿ ಸಿಕ್ಕಿತೋ ಆ ಸಾಲನ್ನು ಇದ್ದ ಹಾಗೆ ಇಳಿಸಿಕೊಳ್ಳಿ. ಯಾವ ಕಾಗದ, ಯಾವ ಪೇಪರ್ ಅಂತಲೂ ಪಕ್ಕದಲ್ಲಿ ಹಾಕಿ.

ನಮ್ಮ ಹುಡುಗಿಯ ಕಾಗದದಲ್ಲಿದ್ದ ಸಾಲು ಹೀಗಿತ್ತು: ‘ಯುವರ್ ಲೋನ್ ಹ್ಯಾಸ್ ಬೀನ್ ಸ್ಯಾಂಕ್ಷನ್ಡ್.’ ಅದೇ ವಾರ ಪೇಪರಿನ ವಿದೇಶ ಪುಟದಲ್ಲಿ ಇನ್ನೊಂದು ಸಿಕ್ಕಿತು: ‘ಸ್ಯಾಂಕ್ಷನ್ಸ್ ಅಗೇನ್ಸ್ಟ್ ರಷ್ಯಾ.’ ಎರಡನ್ನೂ ಒಂದರ ಕೆಳಗೊಂದು ಬರೆದುಕೊಳ್ಳಿ. ಮುಂದಿನ ಎಲ್ಲ ಕೆಲಸಕ್ಕೂ ಈ ಎರಡು ಸಾಲೇ ಬಂಡವಾಳ.

ಯಾವ ಪದ ಆರಿಸಬೇಕು ಅಂತ ಕೇಳುತ್ತೀರಿ. ಒಂದೇ ವಾರದಲ್ಲಿ ಎರಡು ಸಲ ಕಣ್ಣಿಗೆ ಬಿದ್ದದ್ದನ್ನು ಆರಿಸಿ. ಒಂದು ಸಲ ಬಿದ್ದದ್ದನ್ನು ಸುಮ್ನೆ ಬಿಟ್ಟುಬಿಡಿ, ಬೇಕಾದ ಪದವಾಗಿದ್ದರೆ ಅದೇ ಮತ್ತೆ ಬರುತ್ತದೆ.

ಹಂತ 2: ಎಲ್ಲ ಅರ್ಥವನ್ನೂ ಓದಿ, ಆಮೇಲೆ ನಿಮ್ಮದನ್ನು ಆರಿಸಿ

ಈಗ ಲರ್ನರ್ಸ್ ಡಿಕ್ಷನರಿ ತೆಗೆಯಿರಿ. ‘ಸ್ಯಾಂಕ್ಷನ್’ ಹಾಕಿದರೆ ಎರಡು ಬೇರೆ ಬೇರೆ ವಿಭಾಗ ಕಾಣುತ್ತವೆ. ಒಂದು ‘ನೌನ್’, ಅಂದರೆ ನಾಮಪದ. ಇನ್ನೊಂದು ‘ವರ್ಬ್’, ಅಂದರೆ ಕ್ರಿಯಾಪದ. ಜನ ಜಾಸ್ತಿ ಎಡವುವುದು ಇಲ್ಲೇ. ಮೇಲಿನ ಮೊದಲ ಸಾಲು ಓದಿ ಮುಚ್ಚಿಬಿಡುತ್ತಾರೆ.

ನಾಮಪದವಾಗಿ ಅದಕ್ಕೆ ಮುಖ್ಯವಾಗಿ ಮೂರು ಅರ್ಥ. ಒಂದು, ಒಂದು ದೇಶದ ಜೊತೆ ವ್ಯಾಪಾರ ವಹಿವಾಟಿಗೆ ಹಾಕುವ ಕಟ್ಟು. ಎರಡು, ಮೇಲಿನವರು ಕೊಡುವ ಅಧಿಕೃತ ಒಪ್ಪಿಗೆ. ಮೂರು, ನಿಯಮ ಮುರಿದವರಿಗೆ ಶಿಕ್ಷೆ. ಕ್ರಿಯಾಪದವಾಗಿ ಮೊದಲ ಅರ್ಥ ಒಪ್ಪಿಗೆ ಕೊಡು, ಎರಡನೆಯದು ಶಿಕ್ಷೆ ವಿಧಿಸು.

ಅರ್ಥದ ಪಕ್ಕದಲ್ಲಿ ಸಣ್ಣ ಗುರುತುಗಳಿರುತ್ತವೆ. ಅವನ್ನು ಹಾರಿಸಬೇಡಿ. ‘ಕೌಂಟಬಲ್’ ಅಂದರೆ ಎಣಿಸಲು ಬರುವಂಥದ್ದು, ಅದಕ್ಕೆ ಬಹುವಚನ ಮಾಡಬಹುದು. ‘ಅನ್‌ಕೌಂಟಬಲ್’ ಅಂದರೆ ಎಣಿಸಲು ಬರದ್ದು, ನೀರು ಹಿಟ್ಟು ಇದ್ದ ಹಾಗೆ. ‘ಫಾರ್ಮಲ್’ ಅಂದರೆ ಕಚೇರಿಯ ಭಾಷೆ, ಕಟ್ಟೆಯ ಮೇಲೆ ಕೂತು ಆಡುವ ಮಾತಲ್ಲ. ಸ್ಯಾಂಕ್ಷನ್‌ನಲ್ಲಿ ದೇಶದ ಮೇಲಿನ ಕಟ್ಟು ಎಣಿಸಲು ಬರುತ್ತದೆ, ಒಪ್ಪಿಗೆ ಬರುವುದಿಲ್ಲ. ಇದು ಚಿಲ್ಲರೆ ವಿಷಯ ಅನ್ನಿಸಬಹುದು. ಐದನೇ ಹಂತದಲ್ಲಿ ಇದೇ ಕೀಲಿಕೈ ಆಗುತ್ತದೆ.

ಹೀಗೆ ತನಗೆ ತಾನೇ ಎದುರಾಗಿ ನಿಲ್ಲುವ ಪದಕ್ಕೆ ಇಂಗ್ಲಿಷಿನಲ್ಲಿ ‘ಕಾಂಟ್ರೊನಿಮ್’ ಎಂಬ ಹೆಸರಿದೆ. ‘ಓವರ್‌ಸೈಟ್’ ಅಂಥ ಇನ್ನೊಂದು. ಅದಕ್ಕೆ ಮೇಲ್ವಿಚಾರಣೆ ಅಂತಲೂ ಅರ್ಥ, ಕಣ್ತಪ್ಪು ಅಂತಲೂ ಅರ್ಥ. ಇಂಗ್ಲಿಷ್ ಎಂಥ ವಿಚಿತ್ರ ಭಾಷೆ ಅಂತ ಬೈಯುವ ಮೊದಲು ನಮ್ಮ ‘ತೆಗೆ’ಯನ್ನು ನೋಡಿ. ‘ಗೋಡೆಯ ಮೇಲಿನ ಫೋಟೋ ತೆಗೆದರು’ ಮತ್ತು ‘ಮದುವೆಯಲ್ಲಿ ಫೋಟೋ ತೆಗೆದರು’. ಒಂದರಲ್ಲಿ ಫೋಟೋ ಹೋಯಿತು, ಇನ್ನೊಂದರಲ್ಲಿ ಫೋಟೋ ಹುಟ್ಟಿತು. ‘ಸ್ಟೇಷನ್ ರೋಡಿನ ಅಂಗಡಿ ತೆಗೆದರಂತೆ’ ಅಂದರೆ ಹೊಸದಾಗಿ ಶುರುವಾಯಿತೋ ಎತ್ತಂಗಡಿಯಾಯಿತೋ? ಸುತ್ತಲಿನ ಮಾತು ಕೇಳದೆ ಹೇಳಲಾಗದು, ಅಲ್ವಾ?

ಹಂತ 3: ಕಿವಿಯಿಂದ ಕಲಿಯಿರಿ

ಇದು ಐದು ನಿಮಿಷದ ಕೆಲಸ. ಡಿಕ್ಷನರಿಯಲ್ಲಿ ಸ್ಪೀಕರ್ ಚಿತ್ರ ಇರುತ್ತದೆ. ಒತ್ತಿ ಕೇಳಿ, ಜೋರಾಗಿ ಹೇಳಿ, ಮತ್ತೆ ಕೇಳಿ. ಒತ್ತು ಮೊದಲ ‘ಸ್ಯಾಂಕ್’ ಮೇಲೆ ಬೀಳುತ್ತದೆ, ‘ಶನ್’ ಹಗುರ. ನಾವು ಕೊನೆಗೆ ಒಂದು ‘ಉ’ ಸೇರಿಸಿ ‘ಸ್ಯಾಂಕ್ಷನ್ನು’ ಅನ್ನುತ್ತೇವೆ. ಕನ್ನಡ ಮಾತಿನ ನಡುವೆ ಅದು ಸರಿ, ಇಂಗ್ಲಿಷ್ ವಾಕ್ಯದಲ್ಲಿ ಬಿಡಿ.

ಸ್ಪೆಲಿಂಗ್ ಎಸ್, ಎ, ಎನ್, ಸಿ, ಟಿ, ಐ, ಓ, ಎನ್. ‘ಸಿ’ ಬಳಿಕ ‘ಟಿ’ ಬರುವುದನ್ನು ಮರೆಯುವವರು ಜಾಸ್ತಿ. ಪದದ ಹುಟ್ಟು ಗೊತ್ತಾದರೆ ಸ್ಪೆಲಿಂಗ್ ತಾನೇ ನಿಲ್ಲುತ್ತದೆ. ಸಾಲ ಎಂಬರ್ಥದ ‘ಡೆಟ್’ ಪದದಲ್ಲಿ ಬಾಯಿಗೆ ಬಾರದ ಒಂದು ‘ಬಿ’ ಇದೆ ನೋಡಿ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಆ ‘ಬಿ’ ಇರಲೇ ಇಲ್ಲ. ಲ್ಯಾಟಿನ್‌ನ ‘ಡೆಬಿಟುಮ್’ ನೆನಪಿಗೆ ಬರಲಿ ಅಂತ ಪಂಡಿತರು ಆಮೇಲೆ ತುರುಕಿದರು. ಪಾಸ್‌ಬುಕ್ಕಿನ ‘ಡೆಬಿಟ್’ ಅದೇ ಮನೆಯದು. ಅದರಲ್ಲಿ ‘ಬಿ’ ಕೇಳಿಸುತ್ತದೆ, ಇದರಲ್ಲಿ ಸುಮ್ಮನೆ ಕೂತಿರುತ್ತದೆ.

ಹಂತ 4: ಬೇರು ಹುಡುಕಿ

ನನಗೆ ಬಹಳ ಇಷ್ಟವಾದ ಹಂತ, ಹಾಗಾಗಿ ಸ್ವಲ್ಪ ಉದ್ದ. ಎಟಿಮಾಲಜಿ ಡಿಕ್ಷನರಿಯಲ್ಲಿ ಪದ ಹಾಕಿದರೆ ಒಂದು ಸರಪಳಿ ಸಿಗುತ್ತದೆ. ಇಂಗ್ಲಿಷಿಗೆ ಫ್ರೆಂಚಿನಿಂದ, ಫ್ರೆಂಚಿಗೆ ಲ್ಯಾಟಿನ್‌ನಿಂದ. ಸರಪಳಿಯ ಕೊನೆಯಲ್ಲಿ ನಕ್ಷತ್ರ ಚಿಹ್ನೆ ಹಾಕಿದ ರೂಪ ಕಂಡರೆ ಗಮನವಿಡಿ. ಅದು ಎಲ್ಲೂ ಬರಹದಲ್ಲಿ ಸಿಕ್ಕದ್ದಲ್ಲ, ನೆಂಟ ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಕಟ್ಟಿಕೊಂಡದ್ದು. ಅಲ್ಲಿಯವರೆಗೆ ಹೋಗುವ ಅಗತ್ಯ ನಮಗಿಲ್ಲ, ಲ್ಯಾಟಿನ್‌ನಲ್ಲಿ ನಿಂತರೆ ಸಾಕು.

ಲ್ಯಾಟಿನ್‌ನ ‘ಸಾಂಕೀರೆ’ ಎಂಬ ಕ್ರಿಯಾಪದವೇ ಇದರ ತಾಯಿ. ಪವಿತ್ರ ಮಾಡು, ಯಾರೂ ಮುರಿಯಬಾರದ ಹಾಗೆ ಕಟ್ಟುಮಾಡು ಎಂದು ಅರ್ಥ. ಅದರಿಂದ ‘ಸಾಂಕ್ತಿಯೊ’ ಎಂಬ ನಾಮಪದ ಆಯಿತು. ರೋಮನ್ನರ ಕಾನೂನಿನಲ್ಲಿ ಈ ಹೆಸರು ಒಂದು ನಿರ್ದಿಷ್ಟ ಭಾಗಕ್ಕೂ ಇತ್ತು. ಕಾನೂನು ಮುರಿದವನಿಗೆ ಏನಾಗುತ್ತದೆ ಎಂದು ಹೇಳುವ ಭಾಗ ಅದು.

ಈಗ ಗಂಟು ಬಿಚ್ಚಿಕೊಳ್ಳುತ್ತದೆ. ಒಂದೇ ಕಟ್ಟಳೆಗೆ ಎರಡು ಮುಖ. ಹೊಲಕ್ಕೆ ಬೇಲಿ ಹಾಕಿದ ಹಾಗೆ. ಒಳಗಿನ ಬೆಳೆಗೆ ಅದು ಕಾವಲು, ಹಾರಿ ಬಂದವನಿಗೆ ಮುಳ್ಳು. ಕಟ್ಟಳೆಯ ಮುದ್ರೆ ಬಿದ್ದದ್ದು ಅಧಿಕೃತವಾಯಿತು, ಅಲ್ಲಿಂದ ‘ಒಪ್ಪಿಗೆ’ ಎಂಬ ಅರ್ಥ ಬಂತು. ಕಟ್ಟಳೆ ಮುರಿದವನಿಗೆ ದಂಡ ಬಿತ್ತು, ಅಲ್ಲಿಂದ ‘ಶಿಕ್ಷೆ’ ಎಂಬ ಅರ್ಥ ಬಂತು. ದೇಶಗಳ ಮಟ್ಟಕ್ಕೆ ಹೋದಾಗ ಅದೇ ಶಿಕ್ಷೆ ‘ನಿರ್ಬಂಧ’ ಆಯಿತು.

ಇತಿಹಾಸ ಓದುವವರಿಗೆ ಮೂರು ಮೊಳೆ ಕೊಡುತ್ತೇನೆ, ಅರ್ಥವನ್ನು ಅವಕ್ಕೆ ನೇತು ಹಾಕಿಕೊಳ್ಳಿ. 1713ರ ‘ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್’. ಹೆಣ್ಣುಮಕ್ಕಳಿಗೂ ಯುರೋಪಿನ ಹ್ಯಾಬ್ಸ್‌ಬರ್ಗ್ ಮನೆತನದ ರಾಜ್ಯ ಸಿಗಲಿ ಎಂದು ಆ ಮನೆತನದ ದೊರೆ ಆರನೇ ಚಾರ್ಲ್ಸ್ ಹೊರಡಿಸಿದ ರಾಜಾಜ್ಞೆ ಅದು, ಮುಂದೆ ಮಗಳು ಮಾರಿಯಾ ಥೆರೇಸಾಗೆ ಬಂತು. ಇಲ್ಲಿ ಸ್ಯಾಂಕ್ಷನ್ ಅಂದರೆ ಹಳೆಯ ಅರ್ಥದಲ್ಲಿ ಕಟ್ಟಳೆ. ಎರಡನೆಯದು 1935. ಇಟಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋದಾಗ ಲೀಗ್ ಆಫ್ ನೇಷನ್ಸ್, ಅಂದರೆ ಅಂದಿನ ರಾಷ್ಟ್ರಸಂಘ, ಇಟಲಿಯ ಮೇಲೆ ಸ್ಯಾಂಕ್ಷನ್ಸ್ ಹಾಕಿತು. ಮೂರನೆಯದು ನಮ್ಮದೇ, 1998ರ ಮೇ ತಿಂಗಳು. ಪೋಖ್ರಾನ್ ಅಣು ಪರೀಕ್ಷೆ ಆದಮೇಲೆ ಅಮೆರಿಕ ಭಾರತದ ಮೇಲೆ ಹಾಕಿದ್ದೂ ಸ್ಯಾಂಕ್ಷನ್ಸ್.

ಬೇರು ಸಿಕ್ಕಿತು ಅಂದಮೇಲೆ ನೆಂಟರನ್ನು ಕರೆಯಿರಿ. ಪವಿತ್ರ ಎಂಬ ಎಳೆ ಹಿಡಿದರೆ ‘ಸೇಂಟ್’ ಅಂದರೆ ಸಂತ, ‘ಸೇಕ್ರೆಡ್’ ಅಂದರೆ ಪವಿತ್ರ, ‘ಸ್ಯಾಕ್ರಿಫೈಸ್’ ಅಂದರೆ ದೇವರಿಗೆ ಅರ್ಪಿಸುವುದು, ಬಲಿ, ತ್ಯಾಗ. ‘ಸ್ಯಾಂಕ್ಟಿಟಿ’ ಅಂದರೆ ಪಾವಿತ್ರ್ಯ. ಇನ್ನು ‘ಸ್ಯಾಂಕ್ಚುಯರಿ’. ಈ ಪದ ನಿಮಗೆ ಬೋರ್ಡಿನಲ್ಲಿ ಗೊತ್ತಿರುವುದೇ. ಗೋಕಾಕ ಕಡೆಯ ಘಟಪ್ರಭಾ ಪಕ್ಷಿಧಾಮ ಇಂಗ್ಲಿಷಿನಲ್ಲಿ ಬರ್ಡ್ ಸ್ಯಾಂಕ್ಚುಯರಿ, ಖಾನಾಪುರದ ಭೀಮಗಡ ವೈಲ್ಡ್‌ಲೈಫ್ ಸ್ಯಾಂಕ್ಚುಯರಿ. ಮೊದಲು ಇದರ ಅರ್ಥ ದೇವಸ್ಥಾನದ ಪವಿತ್ರ ಜಾಗ. ಹಿಂದೆ ಇಂಗ್ಲೆಂಡಿನಲ್ಲಿ ಅಪರಾಧ ಮಾಡಿ ಓಡಿ ಬಂದವನು ಚರ್ಚಿನೊಳಗೆ ಹೊಕ್ಕರೆ 40 ದಿನ ಅವನನ್ನು ಹಿಡಿಯುವಂತಿರಲಿಲ್ಲ. ಹೀಗೆ ಪವಿತ್ರ ಜಾಗ ಆಸರೆಯ ಜಾಗ ಆಯಿತು. ಆಸರೆ ಮನುಷ್ಯರಿಂದ ಪ್ರಾಣಿಪಕ್ಷಿಗಳಿಗೂ ಬಂತು. ಘಟಪ್ರಭೆಗೆ ಚಳಿಗಾಲದಲ್ಲಿ ಬಂದಿಳಿಯುವ ಕೊಕ್ಕರೆಗೆ ಲ್ಯಾಟಿನ್ ಗೊತ್ತಿಲ್ಲ, ಆದರೂ ಅದು ಕೂತಿರುವುದು ಅದೇ ಬೇರಿನ ಮೇಲೆ.

ಎಚ್ಚರ: ಮುಖ ಒಂದೇ ತರ ಇದ್ದ ಮಾತ್ರಕ್ಕೆ ನೆಂಟರಲ್ಲ. ‘ಸ್ಯಾನಿಟೈಸರ್’, ‘ಸ್ಯಾನಿಟರಿ’ ಕೂಡ ‘ಸ್ಯಾನ್’ ಅಂತಲೇ ಶುರುವಾಗುತ್ತವೆ. ಅವುಗಳ ಮೂಲ ಬೇರೆ, ಆರೋಗ್ಯ ಎಂಬರ್ಥದ ಲ್ಯಾಟಿನ್ ಪದ. ಅಷ್ಟೇ ಯಾಕೆ, ಪೆನ್ನಿಗೂ ಪೆನ್ಸಿಲ್ಲಿಗೂ ನೆಂಟಸ್ತಿಕೆ ಇಲ್ಲ. ಪೆನ್ ಬಂದದ್ದು ಹಕ್ಕಿಯ ಗರಿ ಎಂಬ ಪದದಿಂದ, ಪೆನ್ಸಿಲ್ ಬಂದದ್ದು ಪುಟ್ಟ ಬಾಲ ಎಂಬ ಪದದಿಂದ. ಬಾಲದ ತುದಿಯಂಥ ಕುಂಚಕ್ಕೆ ಮೊದಲು ಆ ಹೆಸರಿತ್ತು. ನೀವೇ ಊಹಿಸಿ ಬೆಸುಗೆ ಹಾಕಬೇಡಿ, ಪ್ರತಿಯೊಂದನ್ನೂ ಹಾಕಿ ನೋಡಿ.

ಇನ್ನೊಂದು ಎಚ್ಚರ, ಇದು ದೊಡ್ಡದು. ವಾಟ್ಸಾಪ್‌ನಲ್ಲಿ ಬರುವ ಹುಟ್ಟುಕಥೆಗಳನ್ನು ನೋಟ್‌ಬುಕ್ಕಿಗೆ ಸೇರಿಸಬೇಡಿ. ನಾರ್ತ್, ಈಸ್ಟ್, ವೆಸ್ಟ್, ಸೌತ್ ಸೇರಿ ‘ನ್ಯೂಸ್’ ಆಯಿತು ಎಂಬುದನ್ನು ನಮ್ಮಲ್ಲಿ ಮೇಷ್ಟ್ರುಗಳೇ ಹೇಳುತ್ತಾರೆ. ಸುಳ್ಳು. ‘ನ್ಯೂ’ ಅಂದರೆ ಹೊಸದು, ‘ನ್ಯೂಸ್’ ಅಂದರೆ ಹೊಸ ಸಂಗತಿಗಳು, ಅಷ್ಟೇ. ಮೊದಲಕ್ಷರ ಕೂಡಿಸಿ ಪದ ಮಾಡುವ ಚಾಳಿ ಇಪ್ಪತ್ತನೇ ಶತಮಾನದಲ್ಲಿ ಹರಡಿದ್ದು. ಅದಕ್ಕಿಂತ ಹಳೆಯ ಪದಕ್ಕೆ ಯಾರಾದರೂ ಇಂಥ ಕಥೆ ಹೇಳಿದರೆ ಅನುಮಾನ ಪಡಿ. ‘ಸ್ಯಾಲರಿ’ ಅರ್ಧ ನಿಜ. ಆ ಪದಕ್ಕೂ ಲ್ಯಾಟಿನ್‌ನ ಉಪ್ಪಿಗೂ ನಂಟಿದೆ. ಆದರೆ ರೋಮನ್ ಸೈನಿಕರಿಗೆ ಸಂಬಳವಾಗಿ ಉಪ್ಪನ್ನೇ ಅಳೆದು ಕೊಡುತ್ತಿದ್ದರು ಎಂಬುದಕ್ಕೆ ಗಟ್ಟಿ ಆಧಾರವಿಲ್ಲ.

ಬೇರಿನ ಅರ್ಥವೇ ನಿಜವಾದ ಅರ್ಥ ಅಂತ ಹಟ ಹಿಡಿಯುವುದೂ ತಪ್ಪು. ‘ನೈಸ್’ ಪದ ಲ್ಯಾಟಿನ್‌ನಲ್ಲಿ ಏನೂ ಗೊತ್ತಿಲ್ಲದವ ಎಂಬ ಪದದಿಂದ ಬಂದದ್ದು, ಇಂಗ್ಲಿಷಿನಲ್ಲೂ ಮೊದಲು ಪೆದ್ದ ಎಂಬರ್ಥವಿತ್ತು. ಈಗ ನಿಮ್ಮನ್ನು ಯಾರಾದರೂ ನೈಸ್ ಅಂದರೆ ಜಗಳಕ್ಕೆ ಹೋಗುತ್ತೀರಾ? ‘ವಿಲನ್’ ಮೂಲದಲ್ಲಿ ಜಮೀನ್ದಾರನ ಹೊಲದಲ್ಲಿ ದುಡಿಯುವ ರೈತ! ಊರಗೌಡರ ಕಣ್ಣಲ್ಲಿ ದುಡಿಯುವವ ಕೀಳಾದ, ಕೀಳಾದವ ಕೆಟ್ಟವನಾದ. ಪದದ ಹುಟ್ಟು ನೆನಪಿಗೆ ಆಸರೆ. ಅರ್ಥವನ್ನು ಇವತ್ತಿನ ಬಳಕೆಯಿಂದಲೇ ತೆಗೆದುಕೊಳ್ಳಬೇಕು.

ಹಂತ 5: ಪದ ಯಾರ ಜೊತೆ ಓಡಾಡುತ್ತದೆ ನೋಡಿ

ಒಂದು ಪದದ ಜೊತೆ ಸದಾ ಬರುವ ಪದಗಳಿಗೆ ‘ಕೊಲೊಕೇಷನ್’ ಅನ್ನುತ್ತಾರೆ. ನಾವು ಕನ್ನಡದಲ್ಲಿ ಜ್ವರ ‘ಬರುತ್ತದೆ’, ನೆಗಡಿ ‘ಆಗುತ್ತದೆ’ ಅನ್ನುತ್ತೇವಲ್ಲ, ಹಾಗೆ. ಯಾಕೆ ಅಂತ ಕೇಳಿದರೆ ಉತ್ತರವಿಲ್ಲ, ಹಾಗೇ ಅನ್ನಬೇಕು.

ಡಿಕ್ಷನರಿಯ ಉದಾಹರಣೆ ವಾಕ್ಯಗಳನ್ನು ಎರಡು ಗುಂಪು ಮಾಡಿ. ಶಿಕ್ಷೆಯ ಗುಂಪಿನಲ್ಲಿ ಪದ ಹೆಚ್ಚಾಗಿ ‘ಸ್ಯಾಂಕ್ಷನ್ಸ್’ ಎಂದು ಬಹುವಚನದಲ್ಲಿರುತ್ತದೆ. ಹಾಕುವುದಕ್ಕೆ ‘ಇಂಪೋಸ್’, ತೆಗೆಯುವುದಕ್ಕೆ ‘ಲಿಫ್ಟ್’, ಸಡಿಲಿಸುವುದಕ್ಕೆ ‘ಈಸ್’. ಹಿಂದೆ ಮುಂದೆ ‘ಆನ್’ ಅಥವಾ ‘ಅಗೇನ್ಸ್ಟ್’ ಇರುತ್ತದೆ. ಒಪ್ಪಿಗೆಯ ಗುಂಪಿನಲ್ಲಿ ನಾಮಪದ ಏಕವಚನ, ‘ವಿತ್ ದಿ ಸ್ಯಾಂಕ್ಷನ್ ಆಫ್’ ಎಂಬ ತರ ಬರುತ್ತದೆ. ಕ್ರಿಯಾಪದವಾದರೆ ಮುಂದೆ ಸಾಲ, ರಜೆ, ಹುದ್ದೆ, ಹಣ, ಯೋಜನೆ ಇರುತ್ತದೆ.

ಇದರಿಂದ ಒಂದು ಸುಲಭ ಪರೀಕ್ಷೆ ಮಾಡಬಹುದು. ಸ್ಯಾಂಕ್ಷನ್ ಆದದ್ದು ಒಂದು ವಸ್ತುವೋ, ಅಥವಾ ಒಬ್ಬ ವ್ಯಕ್ತಿ, ಕಂಪನಿ, ದೇಶವೋ? ‘ದಿ ಲೋನ್ ವಾಸ್ ಸ್ಯಾಂಕ್ಷನ್ಡ್’ ಅಂದರೆ ಸಾಲ ಮಂಜೂರಾಯಿತು, ಪೇಡಾ ಹಂಚಿ. ‘ದಿ ಬ್ಯಾಂಕ್ ವಾಸ್ ಸ್ಯಾಂಕ್ಷನ್ಡ್’ ಅಂದರೆ ಬ್ಯಾಂಕಿಗೇ ಶಿಕ್ಷೆಯಾಯಿತು. ಒಂದೇ ಪದ ಬದಲಾಗಿ ಕಥೆ ತಲೆಕೆಳಗು.

ಈ ಪರೀಕ್ಷೆ ತಪ್ಪುವ ಒಂದು ಜಾಗ ಹೇಳಿಬಿಡುತ್ತೇನೆ, ಪೇಪರಿನಲ್ಲಿ ಆಗಾಗ ಬರುತ್ತದೆ. ‘ಸ್ಯಾಂಕ್ಷನ್ ಫಾರ್ ಪ್ರಾಸಿಕ್ಯೂಷನ್’. ಪ್ರಾಸಿಕ್ಯೂಷನ್ ಅಂದರೆ ಕೋರ್ಟಿನಲ್ಲಿ ಮೊಕದ್ದಮೆ ನಡೆಸುವುದು. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಸರ್ಕಾರಿ ನೌಕರನ ಮೇಲೆ ಮೊಕದ್ದಮೆ ನಡೆಸಲು ಮೇಲಿನವರ ಪೂರ್ವಾನುಮತಿ ಬೇಕು. ಸುತ್ತಲೂ ಪೊಲೀಸು, ಕೋರ್ಟು, ಲಂಚ ಎಂಬ ಪದಗಳೇ ಇರುವುದರಿಂದ ಶಿಕ್ಷೆ ಅನ್ನಿಸುತ್ತದೆ. ಇಲ್ಲಿ ಅರ್ಥ ಒಪ್ಪಿಗೆಯೇ.

ಇನ್ನು ಯಾರ ಹತ್ತಿರ ಬಳಸಬೇಕು ಎಂಬ ಮಾತು. ಸಾಲಕ್ಕೆ, ರಜೆಗೆ ‘ಸ್ಯಾಂಕ್ಷನ್’ ಅನ್ನುವುದು ಭಾರತದ ಕಚೇರಿ ಇಂಗ್ಲಿಷಿನಲ್ಲಿ ಜಾಸ್ತಿ. ಲಂಡನ್ನಿನಲ್ಲೋ ಅಮೆರಿಕದಲ್ಲೋ ಇರುವವರಿಗೆ ಮೇಲ್ ಬರೆಯುವಾಗ ‘ಅಪ್ರೂವ್ಡ್’ ಅನ್ನಿ, ಗೊಂದಲವಿಲ್ಲ. ‘ಪರ್ಮಿಟ್’ ಜಾಗದಲ್ಲೂ ಇದನ್ನು ಕೂರಿಸಬೇಡಿ. ‘ಪರ್ಮಿಟ್ ಮಿ ಟು ಗೋ’ ಅನ್ನಬಹುದು, ‘ಸ್ಯಾಂಕ್ಷನ್ ಮಿ ಟು ಗೋ’ ಅನ್ನಲಾಗದು. ‘ಸಿನಿಮಾಕ್ಕ ಅವ್ವ ಸ್ಯಾಂಕ್ಷನ್ ಕೊಡಲಿಲ್ಲ’ ಎಂಬುದು ಗೆಳೆಯರ ನಡುವಿನ ತಮಾಷೆಗೆ ಚಂದ, ಪರೀಕ್ಷೆಯ ಹಾಳೆಗೆ ಬೇಡ.

ಹಂತ 6: ಈಗ ಕನ್ನಡ ಪದ ಬರೆಯಿರಿ

ಇಷ್ಟು ಹೊತ್ತು ಕನ್ನಡ ನಿಘಂಟು ಮುಚ್ಚಿಡಿ ಅಂದದ್ದಕ್ಕೆ ಕಾರಣ ಇಂಡಿಯ ಆ ಅಣ್ಣ. ಮೊದಲೇ ಒಂದು ಕನ್ನಡ ಪದ ತಲೆಗೆ ಕೂತರೆ ಇನ್ನೊಂದು ಅರ್ಥ ಬಾಗಿಲಲ್ಲೇ ನಿಲ್ಲುತ್ತದೆ. ಈಗ ಎರಡೂ ನಿಮಗೆ ಗೊತ್ತು. ಹಂತ 1ರಲ್ಲಿ ಬರೆದ ಎರಡು ಸಾಲಿನ ಪಕ್ಕದಲ್ಲಿ ಒಂದೊಂದು ಕನ್ನಡ ಪದ ಹಾಕಿ. ಸಾಲದ ಪಕ್ಕದಲ್ಲಿ ‘ಮಂಜೂರು’. ರಷ್ಯಾದ ಪಕ್ಕದಲ್ಲಿ ‘ನಿರ್ಬಂಧ’. ಪದಕ್ಕೆ ಪದ ಹೊಂದಿಸಬೇಡಿ, ವಾಕ್ಯಕ್ಕೆ ಪದ ಹೊಂದಿಸಿ.

ಆದರೆ ಇಲ್ಲಿ ನಿಲ್ಲಲು ನನಗೆ ಮನಸ್ಸಾಗುವುದಿಲ್ಲ. ‘ಮಂಜೂರು’ ಎಲ್ಲಿಯದು? ಅದೂ ಹೊರಗಿನಿಂದಲೇ ಬಂದದ್ದು. ಅರಬ್ಬಿಯಲ್ಲಿ ಅದರ ಮೂಲ ಅರ್ಥ ‘ನೋಡಲ್ಪಟ್ಟದ್ದು’. ಪಾರ್ಸಿಯ ದಫ್ತರದಲ್ಲಿ ಅದು ‘ಮೇಲಿನವರು ನೋಡಿ ಒಪ್ಪಿದ್ದು’ ಆಯಿತು. ಅದೇ ಬೇರಿನಿಂದ ಬಂದದ್ದು ‘ನಜರು’, ಅಂದರೆ ನೋಟ. ನಮ್ಮ ಕಡೆಯ ಬಾಯಲ್ಲಿ ಅದು ‘ನದರು’. ಕೂಸು ಹಾಲು ಕುಡಿಯದಿದ್ದರೆ ಅಜ್ಜಿಯರು ‘ನದರ ಆಗೇತಿ’ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರಲ್ಲ, ಆ ನದರೂ ಬ್ಯಾಂಕಿನ ಮಂಜೂರೂ ಅಕ್ಕತಂಗಿಯರು. ಆದಿಲಶಾಹಿಗಳು ಇಲ್ಲಿ ಸುಮಾರು 200 ವರ್ಷ ಆಳಿದರು, ದಫ್ತರಗಳಲ್ಲಿ ಪಾರ್ಸಿ ಓಡಾಡುತ್ತಿತ್ತು. ಅರ್ಜಿ, ವಕೀಲ, ಜಮೀನು, ತಕರಾರು ಎಲ್ಲವೂ ಅದೇ ದಾರಿಯ ಪದಗಳು.

ಎರಡು ಮುಖದ ಪದ ನಮ್ಮಲ್ಲೂ ಇದೆಯೇ ಅಂದರೆ, ‘ಅಪ್ಪಣೆ’ ಹತ್ತಿರ ಬರುತ್ತದೆ. ‘ಅಪ್ಪಣೆ ಕೊಡಿ, ಹೊರಡುತ್ತೇನೆ’ ಅಂದಾಗ ಅದು ಒಪ್ಪಿಗೆ. ‘ದೊರೆಯ ಅಪ್ಪಣೆ’ ಅಂದಾಗ ಅದು ಆಜ್ಞೆ. ನೋಟ್‌ಬುಕ್ಕಿನ ಅಂಚಿನಲ್ಲಿ ಇದನ್ನೂ ಬರೆದುಕೊಳ್ಳಿ. ಪರೀಕ್ಷೆಗೆ ಬರುವುದಿಲ್ಲ, ಆದರೆ ಸ್ಯಾಂಕ್ಷನ್ ಮರೆಯುವುದಿಲ್ಲ.

ಹಂತ 7: ನಿಮ್ಮ ಮನೆಯ ವಾಕ್ಯ ಮಾಡಿ, ಮತ್ತೆ ಮತ್ತೆ ನೋಡಿ

ಮೂರು ವಾಕ್ಯ ಸಾಕು. ಒಂದು ಒಪ್ಪಿಗೆಯ ಅರ್ಥದಲ್ಲಿ, ಒಂದು ಶಿಕ್ಷೆಯ ಅರ್ಥದಲ್ಲಿ, ಒಂದು ನೆಂಟ ಪದ ಬಳಸಿ. ಪುಸ್ತಕದ ರಾಮ ಸೀತೆ ಬೇಡ, ನಿಮ್ಮ ಮನೆಯ, ನಿಮ್ಮೂರಿನ ಸಂಗತಿಯೇ ಇರಲಿ.

ಸಾಮಗ್ರಿ ಬೇಕೆಂದರೆ ಮನೆಯ ಕರೆಂಟ್ ಬಿಲ್ ತೆಗೆಯಿರಿ. ಹೆಸ್ಕಾಂ ಬಿಲ್ಲಿನಲ್ಲಿ ‘ಸ್ಯಾಂಕ್ಷನ್ಡ್ ಲೋಡ್’ ಅಂತ ಒಂದು ಸಾಲು ಸಿಗುತ್ತದೆ. ನಿಮ್ಮ ಮನೆಗೆ ಇಷ್ಟು ಕಿಲೋವ್ಯಾಟ್ ತನಕ ಅಂತ ಮಂಜೂರು ಮಾಡಿದ ಪ್ರಮಾಣ ಅದು. ನಿಗದಿತ ಶುಲ್ಕ ಅದರ ಲೆಕ್ಕದಲ್ಲೇ ಬೀಳುತ್ತದೆ. ಕ್ಲಾಸಿನಲ್ಲಿ ಒಬ್ಬ ಇದನ್ನು ಓದಿ, “ಹಂಗಾದ್ರ ನಮ್ಮ ಮನೀಗೂ ಅಮೆರಿಕಾದವರು ಹಾಕ್ಯಾರೇನ್ರಿ?” ಅಂದ. ಅಂದರೆ ಅವನಿಗೆ ಎರಡೂ ಅರ್ಥ ಬಂದಿತ್ತು.

ಮರುಓದಿಗೆ ನಾಲ್ಕು ದಿನಾಂಕ ಪುಟದ ಮೇಲ್ತುದಿಯಲ್ಲೇ ಬರೆದಿಡಿ: ನಾಳೆ, ಮೂರನೇ ದಿನ, ಒಂದು ವಾರದ ಮೇಲೆ, ಒಂದು ತಿಂಗಳ ಮೇಲೆ. ಆ ದಿನ ಪುಟ ತೆರೆದು ಸುಮ್ನೆ ಓದಬೇಡಿ. ಕೈಯಲ್ಲಿ ಮುಚ್ಚಿ, ಎರಡು ಅರ್ಥ, ಬೇರು, ಮೂರು ನೆಂಟರನ್ನು ಬಾಯಲ್ಲಿ ಹೇಳಿ, ಆಮೇಲೆ ಕೈ ತೆಗೆದು ನೋಡಿ. ಓದಿದರೆ ಗೊತ್ತಿದೆ ಅನ್ನಿಸುತ್ತದೆ, ಹೇಳಿದರೆ ಮಾತ್ರ ಗೊತ್ತಿಲ್ಲದ್ದು ಗೊತ್ತಾಗುತ್ತದೆ.

ಪುಟ ತುಂಬಿದಾಗ ಹೇಗಿರಬೇಕು ಅಂತ ಕೇಳುವವರಿಗೆ: ಮೇಲೆ ಪದ ಮತ್ತು ಸಿಕ್ಕ ವಾಕ್ಯ, ನಡುವೆ ಎರಡು ಗುಂಪು, ಎಡ ಅಂಚಿನಲ್ಲಿ ಬೇರಿನ ಸರಪಳಿ, ಕೆಳಗೆ ನಿಮ್ಮ ಮೂರು ವಾಕ್ಯ. ಬಣ್ಣದ ಪೆನ್ನು, ಸ್ಟಿಕ್ಕರ್ ಬೇಕಿಲ್ಲ. ಪುಟ ಚಂದ ಮಾಡುವುದರಲ್ಲೇ ಅರ್ಧ ಗಂಟೆ ಕಳೆದವರನ್ನು ನೋಡಿದ್ದೇನೆ.

ಈಗ ನಿಮ್ಮ ಸರದಿ

ಮೊದಲ ಅಭ್ಯಾಸಕ್ಕೆ ಪದ ನಾನೇ ಕೊಡುತ್ತೇನೆ: ‘ಜ್ಯಾಗರಿ’. ಅಂದರೆ ಬೆಲ್ಲ. ಮಹಾಲಿಂಗಪುರದ ಪೇಟೆಯಲ್ಲಿ ಪೆಂಟೆ ಪೆಂಟೆಯಾಗಿ ನೋಡಿದ ಪದಾರ್ಥ, ಇಂಗ್ಲಿಷ್ ಹೆಸರು ಮಾತ್ರ ಪೋರ್ಚುಗೀಸರ ಬಾಯಿ ಹಾದು ಬಂದದ್ದು. ಎದುರಿನ ಪುಟದಲ್ಲಿ ‘ಶುಗರ್’ ಬರೆಯಿರಿ. ಅದು ಬಂದ ದಾರಿ ಬೇರೆ, ಅರಬ್ಬರ ಕಡೆಯಿಂದ. ಎರಡರ ಸರಪಳಿಯನ್ನೂ ಹಿಂದಕ್ಕೆ ಹಿಂದಕ್ಕೆ ಎಳೆಯುತ್ತ ಹೋಗಿ. ಎಲ್ಲೋ ಒಂದು ಕಡೆ, ಒಂದೇ ಸಂಸ್ಕೃತ ಪದದ ಮುಂದೆ, ಎರಡೂ ಬಂದು ಸೇರುತ್ತವೆ. ಅದು ಯಾವುದು ಅಂತ ನಾನು ಹೇಳುವುದಿಲ್ಲ. ಸಿಗದಿದ್ದರೆ ಅಡುಗೆಮನೆಗೆ ಹೋಗಿ ಚಹಾಪುಡಿಯ ಪಕ್ಕದ ಡಬ್ಬಿಗೆ ಮನೆಯಲ್ಲಿ ಏನಂತ ಕರೆಯುತ್ತಾರೆ ಕೇಳಿ, ಅಲ್ಲಿಂದ ಶುರು ಮಾಡಿ.